ಹವಾಯಿಯನ್ ಯಾರು? ನೆತ್ತರಿನ ಲೆಕ್ಕ, ಎಲುಬಿನ ಮಾತು



ಬರಾಕ್ ಒಬಾಮಾ ಹುಟ್ಟಿದ್ದು 1961ರ ಆಗಸ್ಟ್ 4ರಂದು, ಹವಾಯಿಯ ರಾಜಧಾನಿ ಹೊನೊಲುಲುವಿನಲ್ಲಿ. ಓದಿದ್ದು, ಬೆಳೆದದ್ದು ಬಹುಪಾಲು ಅಲ್ಲಿಯೇ. ಆದರೂ ಹವಾಯಿಯ ಜನ ಅವರನ್ನು 'ಹವಾಯಿಯನ್' ಎಂದು ಕರೆಯುವುದಿಲ್ಲ. ಟೆಕ್ಸಾಸ್‌ನಲ್ಲಿ ಹುಟ್ಟಿದವನು ಟೆಕ್ಸನ್, ಕ್ಯಾಲಿಫೋರ್ನಿಯಾದವನು ಕ್ಯಾಲಿಫೋರ್ನಿಯನ್. ಹವಾಯಿಯಲ್ಲಿ ಹುಟ್ಟಿದವನು ಮಾತ್ರ ಹವಾಯಿಯನ್ ಅಲ್ಲ! ಇದೆಂಥ ವಿಚಿತ್ರ ಎನಿಸಬಹುದು. ಅಲ್ಲಿನ ಪತ್ರಿಕೆಗಳು ಕೂಡ ಈ ಭೇದವನ್ನು ತಪ್ಪದೆ ಪಾಲಿಸುತ್ತವೆ. ಊರಿನಲ್ಲಿ ವಾಸಿಸುವವರನ್ನು 'ಹವಾಯಿ ನಿವಾಸಿ' ಎಂದು ಬರೆಯುತ್ತವೆ. 'ಹವಾಯಿಯನ್' ಎಂಬ ಮಾತನ್ನು ಆ ದ್ವೀಪಗಳ ಮೂಲನಿವಾಸಿಗಳ ಸಂತತಿಗೆ ಮೀಸಲಿಡುತ್ತವೆ.

ಒಂದು ಪದದ ಬಗ್ಗೆ ಇಷ್ಟೊಂದು ಎಚ್ಚರ ಏಕೆ? ಆ ಪದದ ಹಿಂದೆ ಭೂಮಿಯ ಪ್ರಶ್ನೆ ಇದೆ, ಮತದ ಪ್ರಶ್ನೆ ಇದೆ, ತಾಯಿ ಕಟ್ಟಿದ ಮನೆಯಲ್ಲಿ ಮೊಮ್ಮಗ ಇರಬಹುದೇ ಬಾರದೇ ಎಂಬ ಪ್ರಶ್ನೆಯೂ ಇದೆ. ಆದ್ದರಿಂದ ಹವಾಯಿಯ ದಿನಬಳಕೆಯ ಕೆಲವು ಮಾತುಗಳ ಜಾಡು ಹಿಡಿದು ಹೊರಟರೆ ಆ ನಾಡಿನ ಚರಿತ್ರೆಯೇ ಎದುರಾಗುತ್ತದೆ.

ಮಣ್ಣಿನ ಮಗನೂ ರಿಯಾಯಿತಿಯೂ

ಪೆಸಿಫಿಕ್ ಮಹಾಸಾಗರದ ನಡುವೆ ಇರುವ ಈ ದ್ವೀಪಗಳಿಗೆ ಸುಮಾರು ಸಾವಿರ ವರ್ಷಗಳ ಹಿಂದೆ ಪಾಲಿನೇಷಿಯಾದ ನಾವಿಕರು ಜೋಡಿ ದೋಣಿಗಳಲ್ಲಿ ಬಂದು ನೆಲೆಸಿದರು. ಅವರ ಭಾಷೆಯಲ್ಲಿ 'ಕನಕ' ಎಂದರೆ ಮನುಷ್ಯ. ನಮ್ಮ ಕನಕಕ್ಕೂ ಇದಕ್ಕೂ ಸಂಬಂಧವಿಲ್ಲ. 'ಮಾವೊಲಿ' ಎಂದರೆ ನಿಜವಾದ, ಮೂಲದ. 'ಕನಕ ಮಾವೊಲಿ' ಎಂದರೆ ಈ ನೆಲದ ಮೂಲ ಮನುಷ್ಯ. ಇಂದು ತಮ್ಮನ್ನು ಹೀಗೆ ಕರೆದುಕೊಳ್ಳುವ ಹವಾಯಿಯನ್ನರು ಬಹಳ.

ಎರಡನೆಯ ಮಾತು 'ಕಮ ಆಯಿನ'. 'ಕಮ' ಎಂದರೆ ಮಗು, 'ಆಯಿನ' ಎಂದರೆ ನೆಲ, ಅಂದರೆ ಉಣಿಸುವಂಥದ್ದು. ಅಚ್ಚ ಕನ್ನಡದಲ್ಲಿ ಹೇಳುವುದಾದರೆ ಮಣ್ಣಿನ ಮಗ. ಆದರೆ ಈ ಮಾತಿನ ಗತಿ ನೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಂದು ಕಬ್ಬಿನ ತೋಟಗಳ ಒಡೆಯರಾದ ಬಿಳಿಯ ಮನೆತನಗಳು ತಮ್ಮನ್ನು 'ಕಮ ಆಯಿನ ಕುಟುಂಬ'ಗಳೆಂದು ಕರೆದುಕೊಂಡವು. ಇಂದು ಹೋಟೆಲಿನಲ್ಲಿ 'ಕಮ ಆಯಿನ ದರ' ಎಂದರೆ ಹವಾಯಿಯ ಗುರುತಿನ ಚೀಟಿ ತೋರಿಸಿದವರಿಗೆಲ್ಲ ಸಿಗುವ ರಿಯಾಯಿತಿ. ಮಣ್ಣಿನ ಮಗನಾಗಲು ಒಂದು ವಿಳಾಸ ಸಾಕು! ಹೊಸದಾಗಿ ಬಂದವನು 'ಮಲಿಹಿನಿ'.

ಮೂರನೆಯದು 'ಹೌಲೆ'. ಮೊದಲಿಗೆ ಹೊರಗಿನಿಂದ ಬಂದ ಯಾವುದಕ್ಕೂ, ಯಾರಿಗೂ ಸಲ್ಲುತ್ತಿದ್ದ ಮಾತು. ಈಗ ಬಿಳಿಯರಿಗೆ ಮಾತ್ರ. ಹೇಳುವ ಧಾಟಿಯ ಮೇಲೆ ಅದು ಬರೀ ಗುರುತೂ ಆಗಬಹುದು, ಬೈಗುಳವೂ ಆಗಬಹುದು. 'ಹಾ' ಎಂದರೆ ಉಸಿರು, 'ಓಲೆ' ಎಂದರೆ ಇಲ್ಲ. ಮೂಗಿಗೆ ಮೂಗು ತಾಗಿಸಿ ಉಸಿರು ಹಂಚಿಕೊಳ್ಳಲು ಬಾರದವರು ಎಂಬುದರಿಂದ ಈ ಹೆಸರು ಬಂತೆಂದು ಜನ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಭಾಷಾತಜ್ಞರು ಒಪ್ಪುವುದಿಲ್ಲ. ಹವಾಯಿ ನುಡಿಯಲ್ಲಿ ಸ್ವರದ ಹ್ರಸ್ವ-ದೀರ್ಘವೂ ಸ್ವರಗಳ ನಡುವೆ ಗಂಟಲಲ್ಲಿ ಉಸಿರು ತಡೆಯುವ ಸದ್ದೂ ಅರ್ಥವನ್ನೇ ಬದಲಿಸುತ್ತವೆ. 'ಕೊವು' ಎಂದು ತಡೆಯದೆ ಹೇಳಿದರೆ 'ನಿನ್ನ'. 'ಕೊ-ಉ' ಎಂದು ನಡುವೆ ತಡೆದು ಹೇಳಿದರೆ 'ನನ್ನ'. ಅಷ್ಟು ಸೂಕ್ಷ್ಮವಾದ ನುಡಿಯಲ್ಲಿ 'ಹೌಲೆ'ಯೂ 'ಹಾ-ಓಲೆ'ಯೂ ಒಂದೇ ಆಗಲಾರವು.

ನಾಲ್ಕನೆಯದು 'ಹಾಪ'. ಇದು ಇಂಗ್ಲಿಷಿನ 'ಹಾಫ್' ಎಂಬುದರಿಂದ ಬಂದದ್ದು. ಹವಾಯಿ ನುಡಿಯ ಲೆಕ್ಕದಲ್ಲಿ 'ಹಾಪಲುವ' ಎಂದರೆ ಅರ್ಧ, 'ಹಾಪಹಾ' ಎಂದರೆ ಕಾಲು. ಭಿನ್ನರಾಶಿಯ ಈ ಪದ ಮನುಷ್ಯರಿಗೂ ಅಂಟಿಕೊಂಡಿತು. ಮಿಶ್ರ ಸಂತಾನದವರು 'ಹಾಪ'. ಲೆಕ್ಕದ ಪದವೊಂದು ಮನುಷ್ಯನ ಹೆಸರಾದದ್ದು ಮುಂದೆ ಬರಲಿದ್ದ ಕಾನೂನಿಗೆ ಮುನ್ಸೂಚನೆಯಂತಿದೆ.

ಕಬ್ಬಿನ ಗದ್ದೆಯಲ್ಲಿ ಹುಟ್ಟಿದ 'ಲೋಕಲ್'

1778ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಜೇಮ್ಸ್ ಕುಕ್ ಹಡಗುಗಳೊಂದಿಗೆ ಹವಾಯಿಗೆ ಬಂದಾಗ ಅಲ್ಲಿನ ಜನಸಂಖ್ಯೆ ಎಷ್ಟಿತ್ತು? ವಿದ್ವಾಂಸರ ಅಂದಾಜು 3 ಲಕ್ಷದಿಂದ 8 ಲಕ್ಷದವರೆಗೆ ಹರಡಿಕೊಂಡಿದೆ. ಹಡಗುಗಳ ಜೊತೆಗೆ ಬಂದ ರೋಗಗಳಿಗೆ ಆ ಜನರ ಮೈಯಲ್ಲಿ ತಡೆಯುವ ಶಕ್ತಿ ಇರಲಿಲ್ಲ. ಸಿಡುಬು, ದಡಾರ, ಜ್ವರಗಳು ಊರೂರುಗಳನ್ನೇ ಬರಿದು ಮಾಡಿದವು. 1890ರ ಜನಗಣತಿಯ ಹೊತ್ತಿಗೆ ಪೂರ್ಣವಾಗಿಯೋ ಭಾಗಶಃವಾಗಿಯೋ ಹವಾಯಿ ಮೂಲದವರೆಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 40 ಸಾವಿರ ಮಾತ್ರ. ಒಟ್ಟು ಜನಸಂಖ್ಯೆ ಆಗ ಸುಮಾರು 90 ಸಾವಿರ. ತಮ್ಮ ನಾಡಿನಲ್ಲೇ ಅವರು ಅಲ್ಪಸಂಖ್ಯಾತರಾಗಿದ್ದರು.

ಉಳಿದವರು ಎಲ್ಲಿಂದ ಬಂದರು? ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿದ್ದರು. 1852ರಿಂದ ಚೀನೀಯರು, 1868ರಲ್ಲಿ ಮೊದಲ ಜಪಾನೀಯರು, 1878ರಿಂದ ಪೋರ್ಚುಗೀಸರು, 1903ರಿಂದ ಕೊರಿಯನ್ನರು, 1906ರಿಂದ ಫಿಲಿಪೈನ್ಸಿನವರು ಹಡಗು ಹಡಗಾಗಿ ಬಂದರು. ತೋಟದಲ್ಲಿ ಕೂಲಿಗೆ ಹೆಸರಿರಲಿಲ್ಲ, ಕೊರಳಿಗೆ ತೂಗುವ ಲೋಹದ ಬಿಲ್ಲೆಯ ಮೇಲಿನ ಸಂಖ್ಯೆಯೇ ಗುರುತು. ಜಪಾನಿ ಮಾತಿನಲ್ಲಿ ಅದಕ್ಕೆ 'ಬಾಂಗೊ' ಎಂದರು. ಮೇಸ್ತ್ರಿಗೆ ಹವಾಯಿ ಮಾತಿನಲ್ಲಿ 'ಲುನ' ಎಂದರು. ಕೆಲಸ ಮುಗಿದರೆ 'ಪೌ ಹಾನ'. ಹೀಗೆ ಹತ್ತು ದೇಶದ ಕೂಲಿಗಳು ಗದ್ದೆಯಲ್ಲಿ ಒಬ್ಬರಿಗೊಬ್ಬರು ಅರ್ಥವಾಗಲು ಕಟ್ಟಿಕೊಂಡ ಭಾಷೆಯೇ ಪಿಡ್ಜಿನ್. ಮಕ್ಕಳು ಅದನ್ನೇ ಮನೆಮಾತಾಗಿ ಕಲಿತರು. ಶಾಲೆಯ ಮೇಷ್ಟ್ರುಗಳು ಅದನ್ನು ಹರಕು ಇಂಗ್ಲಿಷ್ ಎಂದು ಹೀಗಳೆದರೂ ಅದು ಸಾಯಲಿಲ್ಲ. ಕೊನೆಯ ದೊಡ್ಡ ಕಬ್ಬಿನ ತೋಟ 2016ರಲ್ಲಿ ಮುಚ್ಚಿತು; ಪಿಡ್ಜಿನ್ ಮಾತ್ರ ಬೀದಿಯಲ್ಲಿ ಬದುಕಿದೆ.

ಈ ಗದ್ದೆಗಳ ಮಕ್ಕಳೇ 'ಲೋಕಲ್'ಗಳು. 1931–32ರ ಮ್ಯಾಸಿ ಪ್ರಕರಣದಲ್ಲಿ ಹವಾಯಿ, ಜಪಾನಿ ಹಾಗೂ ಚೀನಿ-ಹವಾಯಿ ಮೂಲದ ಐವರು ಯುವಕರ ಮೇಲೆ ನೌಕಾಪಡೆಯ ಅಧಿಕಾರಿಯೊಬ್ಬನ ಪತ್ನಿಯ ಮೇಲೆ ಅತ್ಯಾಚಾರ ಮಾಡಿದ ಆರೋಪ ಬಂತು. ನ್ಯಾಯದರ್ಶಿಗಳು ಒಮ್ಮತಕ್ಕೆ ಬರಲಿಲ್ಲ. ಆಗ ಆಕೆಯ ಗಂಡ ಮತ್ತು ತಾಯಿ ಸೇರಿ ಆ ಯುವಕರಲ್ಲಿ ಒಬ್ಬನಾದ ಜೋಸೆಫ್ ಕಹಹವಾಯಿಯನ್ನು ಅಪಹರಿಸಿದರು. ಅವನನ್ನು ಕೊಂದವರು ಜೈಲಿನಲ್ಲಿ ಒಂದು ದಿನವೂ ಕಳೆಯಲಿಲ್ಲ. ಗವರ್ನರ್ ಶಿಕ್ಷೆಯನ್ನು ಒಂದು ಗಂಟೆಗೆ ಇಳಿಸಿದರು. ಬೇರೆ ಬೇರೆ ಮೂಲದ ದುಡಿಯುವ ಜನ ತಾವೆಲ್ಲ ಒಂದು ಎಂದು ಅರಿತದ್ದು ಇಂಥ ಪೆಟ್ಟುಗಳಿಂದ. ಅಲ್ಲಿ ಹಿರಿಯರನ್ನೆಲ್ಲ 'ಅಂಕಲ್', 'ಆಂಟಿ' ಎಂದೇ ಕರೆಯುತ್ತಾರೆ. ಬೆಂಗಳೂರಿನವರಿಗೆ ಇದು ಹೊಸದೇನೂ ಅಲ್ಲ. ಹಾಗಾದರೆ ಒಬಾಮಾ ಯಾರು? ಹವಾಯಿಯ ಮಾತಿನಲ್ಲಿ ಅವರು ಲೋಕಲ್, ಅವರು ಹಾಪ. ಹವಾಯಿಯನ್ ಅಲ್ಲ.

ಅರ್ಧ ನೆತ್ತರಿನ ಕಾನೂನು

ಹವಾಯಿ ಒಂದು ಸ್ವತಂತ್ರ ರಾಜ್ಯವಾಗಿದ್ದಾಗ ನೆತ್ತರಿನ ಅಳತೆ ಇರಲಿಲ್ಲ. ದೊರೆಗೆ ನಿಷ್ಠೆ ತೋರಿದ ವಿದೇಶಿಯೂ ಪ್ರಜೆಯಾಗಬಹುದಿತ್ತು. 1893ರ ಜನವರಿ 17ರಂದು ತೋಟದ ಒಡೆಯರ ಹಿತಾಸಕ್ತಿಯ ಗುಂಪೊಂದು ಅಮೆರಿಕದ ನೌಕಾಸೈನಿಕರ ಬೆಂಬಲದ ನೆರಳಿನಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿತು. 1897ರಲ್ಲಿ, ಅಮೆರಿಕಕ್ಕೆ ತಮ್ಮನ್ನು ಸೇರಿಸಬಾರದೆಂದು 21 ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಒಟ್ಟು 40 ಸಾವಿರದಷ್ಟಿದ್ದ ಜನಾಂಗದಲ್ಲಿ ಇದು ಎಷ್ಟು ದೊಡ್ಡ ಸಂಖ್ಯೆ ಎಂಬುದನ್ನು ಯಾರಾದರೂ ಊಹಿಸಬಹುದು. ಆದರೂ 1898ರಲ್ಲಿ ಅಮೆರಿಕ ದ್ವೀಪಗಳನ್ನು ಸೇರಿಸಿಕೊಂಡಿತು. 1959ರಲ್ಲಿ ಹವಾಯಿ ಅಮೆರಿಕದ 50ನೆಯ ರಾಜ್ಯವಾಯಿತು.

ಭೂಮಿ ಕಳೆದುಕೊಂಡ ಹವಾಯಿಯನ್ನರು ಹೊನೊಲುಲುವಿನ ಕಿಕ್ಕಿರಿದ ವಠಾರಗಳಲ್ಲಿ ಸಾಯುತ್ತಿದ್ದುದನ್ನು ಕಂಡು ಮರುಗಿದವರು ರಾಜಮನೆತನದ ಪ್ರಿನ್ಸ್ ಕೂಹಿಯೊ. ಅವರು ಅಮೆರಿಕದ ಕಾಂಗ್ರೆಸ್ಸಿನಲ್ಲಿ ಹವಾಯಿಯ ಪ್ರತಿನಿಧಿಯಾಗಿದ್ದರು. ಜನರನ್ನು ಮತ್ತೆ ನೆಲಕ್ಕೆ ಮರಳಿಸಬೇಕೆಂಬ ಅವರ ಪ್ರಯತ್ನದಿಂದ 1921ರಲ್ಲಿ ಹವಾಯಿಯನ್ ಹೋಮ್ಸ್ ಕಮಿಷನ್ ಕಾಯ್ದೆ ಬಂತು. ಸುಮಾರು 2 ಲಕ್ಷ ಎಕರೆ ಭೂಮಿಯನ್ನು ಮೀಸಲಿಟ್ಟು, ವರ್ಷಕ್ಕೆ ಒಂದು ಡಾಲರ್ ಬಾಡಿಗೆಯಲ್ಲಿ 99 ವರ್ಷದ ಗುತ್ತಿಗೆಗೆ ನಿವೇಶನ ಕೊಡುವುದು ಅದರ ಉದ್ದೇಶ. ಕೇಳಲು ಉದಾರವಾಗಿದೆ. ಆದರೆ ಕಬ್ಬು ಬೆಳೆಯುತ್ತಿದ್ದ ಒಳ್ಳೆಯ ಭೂಮಿಯನ್ನು ಹೊರಗಿಟ್ಟರು. ಜೊತೆಗೆ ಒಂದು ಷರತ್ತು ಹಾಕಿದರು: 1778ಕ್ಕೆ ಮೊದಲು ಆ ದ್ವೀಪಗಳಲ್ಲಿದ್ದ ಜನರ ರಕ್ತ ಅರ್ಜಿದಾರನಲ್ಲಿ ಕನಿಷ್ಠ ಅರ್ಧ ಪಾಲು ಇರಬೇಕು. ಕೂಹಿಯೊ ಬಯಸಿದ್ದು ಇಷ್ಟು ಬಿಗಿಯಾದ ಷರತ್ತನ್ನಲ್ಲ. ಅರ್ಹರ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತಾ ಹೋಗುವಂತೆ ಕಾನೂನು ರೂಪುಗೊಂಡಿತು.

ಇದರ ಪರಿಣಾಮವನ್ನು ಒಂದು ಸಂಸಾರದ ಲೆಕ್ಕದಲ್ಲಿ ನೋಡಬಹುದು. ತಾಯಿಯಲ್ಲಿ ಸರಿಯಾಗಿ ಅರ್ಧ ಪಾಲು ಇದೆ ಎನ್ನಿ. ಆಕೆಗೆ ನಿವೇಶನ ಸಿಗುತ್ತದೆ. ಜಪಾನಿ ಮೂಲದವನನ್ನು ಮದುವೆಯಾಗುತ್ತಾಳೆ. ಮಗಳಲ್ಲಿ ಉಳಿಯುವುದು ಕಾಲು ಪಾಲು. ನಂತರದ ತಿದ್ದುಪಡಿಗಳ ಪ್ರಕಾರ ಕಾಲು ಪಾಲಿನ ಮಕ್ಕಳು, ಮೊಮ್ಮಕ್ಕಳು ಗುತ್ತಿಗೆಗೆ ವಾರಸುದಾರರಾಗಬಹುದು. ಮಗಳು ಫಿಲಿಪೈನ್ಸ್ ಮೂಲದವನನ್ನು ಮದುವೆಯಾದರೆ ಅವಳ ಮಗನಲ್ಲಿ ಎಂಟನೆಯ ಒಂದು ಪಾಲು. ಅಜ್ಜಿ ಕಟ್ಟಿದ ಮನೆಯಲ್ಲೇ ಹುಟ್ಟಿ, ಅಜ್ಜಿಯ ಭಾಷೆಯನ್ನೇ ಆಡಿದರೂ ಅವನಿಗೆ ಆ ನೆಲ ದಕ್ಕದು. ಯಾರನ್ನು ಪ್ರೀತಿಸಬೇಕು ಎಂಬ ಪ್ರಶ್ನೆಯ ಹಿಂದೆಯೂ ಮನೆ ಉಳಿಯುವ ಲೆಕ್ಕ ಬಂದು ನಿಲ್ಲುತ್ತದೆ.

ಅರ್ಜಿ ಹಾಕಿದವರಿಗೂ ಸುಲಭವಿಲ್ಲ. ಜನನ ಪ್ರಮಾಣಪತ್ರ, ಮದುವೆಯ ದಾಖಲೆ, ಚರ್ಚಿನ ಹಳೆಯ ಪುಸ್ತಕ ಎಲ್ಲವನ್ನೂ ಹುಡುಕಿ ಅರ್ಧ ಪಾಲನ್ನು ಸಾಬೀತು ಮಾಡಬೇಕು. 2020ರ ದಶಕದ ಆರಂಭದಲ್ಲಿ ಕಾಯುವವರ ಪಟ್ಟಿಯಲ್ಲಿ 28 ಸಾವಿರಕ್ಕೂ ಹೆಚ್ಚು ಮಂದಿ ಇದ್ದರು. ಪಟ್ಟಿಯಲ್ಲಿ ಹೆಸರಿದ್ದಂತೆಯೇ ತೀರಿಕೊಂಡ ಹಿರಿಯರು ಅನೇಕರು. ವಾರಸುದಾರರಿಗೆ 32ನೆಯ ಒಂದು ಪಾಲು ಸಾಕು ಎಂದು ರಾಜ್ಯ ಶಾಸನಸಭೆ 2017ರಲ್ಲಿ ಕಾನೂನು ಮಾಡಿತು. ಆದರೆ ಅದಕ್ಕೆ ಅಮೆರಿಕದ ಕಾಂಗ್ರೆಸ್ಸಿನ ಒಪ್ಪಿಗೆ ಬೇಕು ಎಂಬ ಷರತ್ತೂ ಅದರ ಜೊತೆಗಿದೆ.

ಇಲ್ಲಿ ಇನ್ನೊಂದು ಮಾತನ್ನೂ ಕೇಳಬೇಕು. ಅರ್ಧ ಪಾಲಿನ ನಿಯಮ ಬೇಡ ಎಂದು ಹವಾಯಿಯನ್ನರೆಲ್ಲರೂ ಹೇಳುವುದಿಲ್ಲ. ದಶಕಗಳಿಂದ ಸಾಲಿನಲ್ಲಿ ನಿಂತವರಿಗೆ, ಬಾಗಿಲು ಅಗಲವಾದರೆ ತಮ್ಮ ಸರದಿ ಇನ್ನೂ ಹಿಂದಕ್ಕೆ ಹೋದೀತು ಎಂಬ ಭಯ. ಅದು ಸುಳ್ಳು ಭಯವಲ್ಲ. ಇರುವ ನೆಲ ಸ್ವಲ್ಪ, ಕೇಳುವ ಕೈಗಳು ಬಹಳ. ಅಳತೆಗೋಲು ಹೊರಗಿನವರದಾದರೂ ಜಗಳ ಮಾತ್ರ ಮನೆಯೊಳಗಿನದಾಗಿದೆ.

ಇಂಗ್ಲಿಷಿನಲ್ಲಿ ಇದಕ್ಕೊಂದು ಕಾಗುಣಿತದ ತಮಾಷೆಯೂ ಇದೆ. 'ನೇಟಿವ್ ಹವಾಯಿಯನ್' ಎಂಬಲ್ಲಿ 'ನೇಟಿವ್' ಪದದ ಮೊದಲ ಅಕ್ಷರ ಚಿಕ್ಕದಾಗಿದ್ದರೆ ಅರ್ಧಕ್ಕೆ ಕಡಿಮೆ ಇಲ್ಲದವರು. ದೊಡ್ಡದಾಗಿದ್ದರೆ ಹವಾಯಿ ಮೂಲದ ಒಬ್ಬ ಪೂರ್ವಜನಿದ್ದರೂ ಸಾಕು. ಕಚೇರಿಯ ಕಾಗದದಲ್ಲಿ ಒಂದು ಅಕ್ಷರದ ಗಾತ್ರ ಮನುಷ್ಯನ ಹಕ್ಕನ್ನು ಹೇಳುತ್ತದೆ.

ಎಲುಬು ಮತ್ತು ಕೆಸುವಿನ ಗೆಡ್ಡೆ

ಹವಾಯಿ ನುಡಿ ಸ್ವತಃ ಏನು ಹೇಳುತ್ತದೆ? ಆ ನುಡಿಯಲ್ಲಿ ಮೂಲನಿವಾಸಿಗೆ ಇನ್ನೊಂದು ಹೆಸರು 'ಓಯಿವಿ'. ಅದರೊಳಗಿರುವುದು 'ಇವಿ', ಎಂದರೆ ಎಲುಬು. ತಾಯ್ನೆಲಕ್ಕೆ 'ಕುಲಾಯಿವಿ' ಎನ್ನುತ್ತಾರೆ, ಎಲುಬುಗಳಿರುವ ಬಯಲು. ಹಿರಿಯರ ಎಲುಬು ಎಲ್ಲಿ ಹೂತಿದೆಯೋ ಅದು ನಿನ್ನ ನೆಲ. ದ್ವೀಪಗಳನ್ನು ಒಂದುಗೂಡಿಸಿದ ದೊರೆ ಕಮೆಹಮೆಹಾ 1819ರಲ್ಲಿ ತೀರಿಕೊಂಡಾಗ ಆತನ ಎಲುಬುಗಳನ್ನು ಯಾರೂ ಅರಿಯದ ಜಾಗದಲ್ಲಿ ಬಚ್ಚಿಟ್ಟರು. ನೆತ್ತರನ್ನು ಅರ್ಧ, ಕಾಲು, ಅರೆಕಾಲು ಎಂದು ಭಾಗಿಸಬಹುದು. ನೆಲದಲ್ಲಿರುವ ಅಜ್ಜಿಯ ಎಲುಬನ್ನು ಮೊಮ್ಮಕ್ಕಳಿಗೆ ಭಾಗಿಸಲಾಗದು. ಆಕೆ ಎಲ್ಲ ಮೊಮ್ಮಕ್ಕಳಿಗೂ ಇಡಿಯಾಗಿ ಅಜ್ಜಿಯೇ.

ಇದು ಬರೀ ಪದಗಳ ಆಟವಲ್ಲ. 1980ರ ದಶಕದ ಕೊನೆಯಲ್ಲಿ ಮಾವಿ ದ್ವೀಪದ ಹೊನೊಕಹುವ ಎಂಬಲ್ಲಿ ಹೋಟೆಲೊಂದಕ್ಕೆ ಮರಳು ದಿಬ್ಬ ಅಗೆದಾಗ ನೂರಾರು ಹಳೆಯ ಸಮಾಧಿಗಳು ಹೊರಬಿದ್ದವು. ಜನ ಪ್ರತಿಭಟಿಸಿದರು. ಅಗೆತ ನಿಂತಿತು, ಹೋಟೆಲನ್ನು ಕಡಲಿನಿಂದ ಹಿಂದಕ್ಕೆ ಸರಿಸಿ ಕಟ್ಟಬೇಕಾಯಿತು. 1990ರಲ್ಲಿ ಸಮಾಧಿಗಳ ರಕ್ಷಣೆಗೆ ಕಾನೂನು ಬಂದು ದ್ವೀಪಗಳಲ್ಲಿ ಸಮಾಧಿ ಮಂಡಳಿಗಳು ರಚನೆಯಾದವು. ಅಲ್ಲಿ ವಂಶಜನೆಂದು ಹೇಳಿಕೊಳ್ಳುವವನನ್ನು ಎಷ್ಟು ಪಾಲು ರಕ್ತ ಎಂದು ಕೇಳುವುದಿಲ್ಲ. ಈ ಸಮಾಧಿಯವರಿಗೂ ನಿನಗೂ ವಂಶಾವಳಿಯ ಸಂಬಂಧ ಹೇಗೆ ಎಂದು ಕೇಳುತ್ತಾರೆ.

ಕುಟುಂಬಕ್ಕೆ ಹವಾಯಿ ಮಾತು 'ಒಹಾನ'. ಕೆಸುವಿನ ತಾಯಿಗೆಡ್ಡೆಯ ಪಕ್ಕದಲ್ಲಿ ಒಡೆಯುವ ಮರಿಗೆಡ್ಡೆಗೆ 'ಒಹಾ' ಎನ್ನುತ್ತಾರೆ. ಅದರಿಂದಲೇ ಈ ಮಾತು ಬಂತೆಂಬುದು ಹವಾಯಿ ಹಿರಿಯರ ವಿವರಣೆ. ಕರಾವಳಿ, ಮಲೆನಾಡಿನವರು ಪತ್ರೊಡೆಗೆ ಬಳಸುವ ಕೆಸುವೇ ಹವಾಯಿಯ ಮುಖ್ಯ ಆಹಾರವಾದ 'ಕಲೊ'. ಅಲ್ಲಿನ ಪುರಾಣದಂತೆ ಆಕಾಶದ ತಂದೆ ವಾಕೆಯಾನಿಗೆ ಹುಟ್ಟಿದ ಮೊದಲ ಕೂಸು ಸತ್ತೇ ಹುಟ್ಟಿತು. ಅದನ್ನು ಹೂತ ಜಾಗದಲ್ಲಿ ಕೆಸುವಿನ ಗಿಡ ಮೊಳೆಯಿತು. ಎರಡನೆಯ ಕೂಸು ಹಾಲೊವಾ, ಮನುಷ್ಯರ ಮೂಲಪುರುಷ. ಅಂದರೆ ಕೆಸು ಅಣ್ಣ, ಮನುಷ್ಯ ತಮ್ಮ. ಅಣ್ಣ ಉಣಿಸುತ್ತಾನೆ, ತಮ್ಮ ನೆಲವನ್ನು ನೋಡಿಕೊಳ್ಳುತ್ತಾನೆ. ನೆಲದೊಂದಿಗಿನ ಸಂಬಂಧವೂ ಅವರಿಗೆ ದಾಯಾದಿ ಸಂಬಂಧವೇ.

ಬಂಧುತ್ವದ ಮಾತುಗಳೂ ಹಾಗೆಯೇ. ನಮ್ಮಲ್ಲಿ ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಇಬ್ಬರೂ ಒಂದು ಬಗೆಯ ಅಪ್ಪಂದಿರು. ಆದರೆ ತಾಯಿಯ ಅಣ್ಣತಮ್ಮಂದಿರು ಮಾವಂದಿರು. ಹವಾಯಿಯಲ್ಲಿ ಅವರೂ ಅಪ್ಪಂದಿರೇ. ತಂದೆಯ ತಲೆಮಾರಿನ ಗಂಡಸರೆಲ್ಲರೂ 'ಮಕುವಕಾನೆ', ಹೆಂಗಸರೆಲ್ಲರೂ 'ಮಕುವಹಿನೆ'. ಮಾನವಶಾಸ್ತ್ರಜ್ಞರು ಇಂಥ ಏರ್ಪಾಟಿಗೆ 'ಹವಾಯಿ ಮಾದರಿ' ಎಂದೇ ಹೆಸರಿಟ್ಟಿದ್ದಾರೆ. ಇದಲ್ಲದೆ 'ಹಾನಾಯಿ' ಎಂಬ ಪದ್ಧತಿಯಿದೆ. ಮಗುವನ್ನು ಅಜ್ಜ-ಅಜ್ಜಿಗೋ ಬಂಧುಗಳಿಗೋ ಸಾಕಲು ಕೊಡುವುದು. ಸಾಕಿದವರೂ ತಾಯಿತಂದೆಯರೇ.

ಮೇರಿ ಕವೇನ ಪುಕುಯಿ ಎಂಬ ವಿದುಷಿಯ ಜೀವನವೇ ಇದಕ್ಕೆ ಸಾಕ್ಷಿ. 1895ರಲ್ಲಿ ಹುಟ್ಟಿದ ಆಕೆಯ ತಾಯಿ ಹವಾಯಿಯವಳು, ತಂದೆ ಮ್ಯಾಸಚೂಸೆಟ್ಸ್‌ನಿಂದ ಬಂದ ಬಿಳಿಯ. ಹಾನಾಯಿ ಪದ್ಧತಿಯಂತೆ ತಾಯಿಯ ತಾಯಿ ಮೊಮ್ಮಗಳನ್ನು ಸಾಕಿದಳು. ಹಾಡು, ಗಾದೆ, ವಂಶಾವಳಿಗಳನ್ನೆಲ್ಲ ಕಲಿಸಿದಳು. ಸ್ಯಾಮ್ಯುಯೆಲ್ ಎಲ್ಬರ್ಟ್ ಅವರೊಂದಿಗೆ ಪುಕುಯಿ 1957ರಲ್ಲಿ ಪ್ರಕಟಿಸಿದ ನಿಘಂಟು ಇಂದಿಗೂ ಹವಾಯಿ ನುಡಿ ಕಲಿಯುವವರ ಕೈಪಿಡಿ. ಕಾನೂನಿನ ಲೆಕ್ಕದಲ್ಲಿ ಆಕೆ ಅರ್ಧ ಹವಾಯಿಯನ್. ಆ ನಾಡಿನ ನೆನಪನ್ನು ಉಳಿಸಿಕೊಟ್ಟ ಲೆಕ್ಕದಲ್ಲಿ ಆಕೆಗಿಂತ ಪೂರ್ಣ ಹವಾಯಿಯನ್ ಯಾರಿದ್ದಾರೆ?

ಮತಪೆಟ್ಟಿಗೆ, ಶಾಲೆ, ದೂರದ ಊರು

ನುಡಿಯೂ ಉಳಿಯುವುದು ಸುಲಭವಾಗಿರಲಿಲ್ಲ. ರಾಣಿಯನ್ನು ಇಳಿಸಿದ ಮೂರೇ ವರ್ಷಕ್ಕೆ, 1896ರಲ್ಲಿ, ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಾನೂನು ಕಡ್ಡಾಯಗೊಳಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಾರು ಪತ್ರಿಕೆಗಳನ್ನು ನಡೆಸಿದ್ದ ನುಡಿ ಮನೆಯ ಮೂಲೆಗೆ ಸರಿಯಿತು. 1980ರ ದಶಕದ ಆರಂಭದಲ್ಲಿ, ಪುಟ್ಟ ನಿಯಿಹಾವು ದ್ವೀಪವೊಂದನ್ನು ಬಿಟ್ಟರೆ, ಅದನ್ನು ಆಡುವ ಮಕ್ಕಳು ಬೆರಳೆಣಿಕೆಯಷ್ಟಿದ್ದರು. 1978ರಲ್ಲಿ ರಾಜ್ಯದ ಸಂವಿಧಾನ ಹವಾಯಿ ನುಡಿಗೆ ಇಂಗ್ಲಿಷಿನ ಜೊತೆ ಅಧಿಕೃತ ಸ್ಥಾನ ನೀಡಿತು. 1984ರಲ್ಲಿ ಮೊದಲ 'ಪೂನಾನ ಲಿಯೊ' ಶಿಶುವಿಹಾರ ಆರಂಭವಾಯಿತು. ಹೆಸರಿನ ಅರ್ಥ ನುಡಿಯ ಗೂಡು. 1987ರಿಂದ ಸರ್ಕಾರಿ ಶಾಲೆಗಳಲ್ಲೂ ಹವಾಯಿ ಮಾಧ್ಯಮ ಬಂತು. 2016ರ ಸರ್ಕಾರಿ ವರದಿಯೊಂದರ ಪ್ರಕಾರ ಮನೆಯಲ್ಲಿ ಆ ನುಡಿಯಾಡುವವರು 18 ಸಾವಿರಕ್ಕೂ ಹೆಚ್ಚು. ಅವರಲ್ಲಿ ಅರ್ಧ, ಕಾಲು, ಅರೆಕಾಲು ಎಲ್ಲರೂ ಇದ್ದಾರೆ.

ಅದೇ 1978ರಲ್ಲಿ ಹವಾಯಿಯನ್ನರ ಹಿತಕ್ಕಾಗಿ ಒಂದು ಸರ್ಕಾರಿ ಕಚೇರಿ ಸ್ಥಾಪನೆಯಾಗಿತ್ತು. ಅದರ ಟ್ರಸ್ಟಿಗಳನ್ನು ಹವಾಯಿಯನ್ನರು ಮಾತ್ರ ಚುನಾಯಿಸಬಹುದಿತ್ತು. ತಲೆಮಾರುಗಳಿಂದ ಹವಾಯಿಯಲ್ಲೇ ನೆಲೆಸಿದ ಬಿಳಿಯ ಮನೆತನದ ರೈಸ್ ಎಂಬ ದನಗಾವಲಿನ ಒಡೆಯರು ಇದನ್ನು ಪ್ರಶ್ನಿಸಿದರು. 2000ದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ಮತದಾನ ಜನಾಂಗಭೇದವಾಗುತ್ತದೆ ಎಂದು 7–2ರ ಬಹುಮತದಿಂದ ಅದನ್ನು ರದ್ದುಪಡಿಸಿತು. ವಂಶವೂ ಜನಾಂಗವೂ ಒಂದೇ ಎಂಬಂತೆ ನ್ಯಾಯಾಲಯ ಓದಿತು. ಕಳೆದುಹೋದ ರಾಜ್ಯವೊಂದರ ಪ್ರಜೆಗಳ ಸಂತತಿ ನಾವು, ಬರೀ ಬಣ್ಣದ ಗುಂಪಲ್ಲ ಎಂಬುದು ಹವಾಯಿಯನ್ನರ ವಾದ. ರಾಣಿಯನ್ನು ಇಳಿಸಿದ್ದಕ್ಕೆ ಅಮೆರಿಕದ ಕಾಂಗ್ರೆಸ್ಸೇ 1993ರಲ್ಲಿ ಕ್ಷಮೆ ಕೇಳಿ ನಿರ್ಣಯ ಮಾಡಿತ್ತು ಎಂಬುದನ್ನು ಅವರು ನೆನಪಿಸುತ್ತಾರೆ.

ಇನ್ನೊಂದು ಸಂಗತಿ. 2020ರ ಜನಗಣತಿಯಲ್ಲಿ ತಮ್ಮನ್ನು ಹವಾಯಿಯನ್ ಎಂದು ಹೇಳಿಕೊಂಡವರು ಅಮೆರಿಕದಾದ್ಯಂತ ಸುಮಾರು 6 ಲಕ್ಷ 80 ಸಾವಿರ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹವಾಯಿಯ ಹೊರಗೆ ಇದ್ದರು. ಮನೆಯ ಬೆಲೆ ತಾಳಲಾರದೆ ಹೊರಟವರಿಂದ ತುಂಬಿದ ಲಾಸ್ ವೇಗಸ್ ನಗರವನ್ನು ಜನ 'ಒಂಬತ್ತನೆಯ ದ್ವೀಪ' ಎಂದು ಕರೆಯುತ್ತಾರೆ. ಹೀಗೆ ಹವಾಯಿಯಲ್ಲಿದ್ದರೂ ಹವಾಯಿಯನ್ ಅಲ್ಲದವರು ಲಕ್ಷಾಂತರ. ಹವಾಯಿಯನ್ ಆಗಿಯೂ ಹವಾಯಿಯಲ್ಲಿ ಇರಲಾರದವರೂ ಲಕ್ಷಾಂತರ.

1897ರ ಆ ಮನವಿಯ ಹಾಳೆಗಳು ನೂರು ವರ್ಷ ವಾಷಿಂಗ್ಟನ್ನಿನ ದಾಖಲೆಗಳ ಉಗ್ರಾಣದಲ್ಲಿ ಬಹುತೇಕ ಮರೆತುಹೋಗಿದ್ದವು. 1990ರ ದಶಕದಲ್ಲಿ ವಿದುಷಿ ನೊಯೆನೊಯೆ ಸಿಲ್ವ ಅವನ್ನು ಹುಡುಕಿ ಬೆಳಕಿಗೆ ತಂದರು. ಪ್ರತಿಗಳು ಊರಿಗೆ ಬಂದಾಗ ಜನ ಪುಟಗಳ ಮೇಲೆ ಬೆರಳಿಟ್ಟು ತಮ್ಮ ಮುತ್ತಜ್ಜ, ಮುತ್ತಜ್ಜಿಯರ ಸಹಿ ಹುಡುಕಿದರು. ಆ ಪಟ್ಟಿಯಲ್ಲಿ ಊರಿದೆ, ಹೆಸರಿದೆ, ವಯಸ್ಸಿದೆ. ರಕ್ತದ ಪಾಲಿನ ಲೆಕ್ಕ ಎಲ್ಲಿಯೂ ಇಲ್ಲ.

ಹವಾಯಿಯ ಹಿರಿಯರು ಹೊಸಬನನ್ನು ಕಂಡಾಗ ಕೇಳುತ್ತಿದ್ದ ಪ್ರಶ್ನೆ, ನಮ್ಮ ಹಳ್ಳಿಯ ಜಗಲಿಯ ಮೇಲೆ ಕುಳಿತ ಹಿರಿಯರು ಇಂದಿಗೂ ಕೇಳುವ ಪ್ರಶ್ನೆಯೇ: ನೀನು ಯಾರ ಮಗು? ಎಷ್ಟು ಪಾಲು ಎಂದು ಅವರು ಕೇಳುತ್ತಿರಲಿಲ್ಲ. ಎಂಟನೆಯ ಒಂದು ಪಾಲಿನ ಆ ಮೊಮ್ಮಗನಿಗೆ ಕಚೇರಿಯ ಪ್ರಶ್ನೆಗೆ ಉತ್ತರವಿಲ್ಲ. ಹಿರಿಯರ ಪ್ರಶ್ನೆಗೆ ಅವನಲ್ಲಿ ಉತ್ತರವಿದೆ.